ಲೂಟಿಯ ಅರ್ಥ ನಮ್ಮ ಅತ್ತೆಯನ್ನು ಕೇಳಿ

ನಮ್ಮ ಅತ್ತೆಗೆ ಇಡೀ ಜೀವಮಾನದಲ್ಲಿ ಇದ್ದ ವೈರಿ ಒಬ್ಬನೇ. ಅವನು ಮನುಷ್ಯನಲ್ಲ, ಇಂಗ್ಲಿಷ್ ಡಿಕ್ಷನರಿಯೊಳಗಿನ ಒಂದು ಶಬ್ದ! ಮಂದಿ ನಾದಿನಿಯ ಮೇಲೆ ಸಿಟ್ಟು ಮಾಡುತ್ತಾರೆ, ನೆರೆಮನೆಯವರ ಮೇಲೆ ಮಾಡುತ್ತಾರೆ, ಬಹಳವಾದರೆ ಸರಕಾರದ ಮೇಲೆ ಮಾಡುತ್ತಾರೆ. ಒಂದು ಶಬ್ದದ ಮೇಲೆ ವರ್ಷಗಟ್ಟಲೆ ಹಲ್ಲು ಕಡಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವಳ ಮನೆಯಲ್ಲಿ ಉಂಡು, ಅವಳ ಬೈಗುಳ ಕೇಳಿ ಕಾಲೇಜು ಮುಗಿಸಿದ್ದೇನೆ. ಅತ್ತೆ ಎಂದರೆ ಗಂಡನ ತಾಯಿ ಎಂದು ತಿಳಿಯಬೇಡಿ, ಅಪ್ಪನ ತಂಗಿ. ಗಂಡನ ತಾಯಿಯ ಬಗ್ಗೆ ಬರೆಯುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.

ಆ ಶಬ್ದ 'ಲೂಟ್'. ನಾವು ಲೂಟಿ ಎನ್ನುತ್ತೇವಲ್ಲ, ಅದೇ.

ಅತ್ತೆ ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಬಹಳ ದಿನವಾಗಿರಲಿಲ್ಲ. ಆಣೆ ಹೋಗಿ ನಯಾ ಪೈಸೆ ಬಂದಿತ್ತು. ಊರಿಗೆ ಊರೇ ಬೆರಳು ಮಡಚುತ್ತ, ಯಾವ ಅಂಗಡಿಗೆ ಹೋದರೂ "ಏನ್ ಲೂಟಿ ಹಚ್ಚೀರಿ" ಎಂದು ಜಗಳ ತೆಗೆಯುತ್ತಿದ್ದ ಕಾಲ ಅದು. ಟಾಂಗಾದವನು ಲೂಟಿ, ಸೀಮೆಎಣ್ಣೆಯವನು ಲೂಟಿ, ಹಾಲಿಗೆ ನೀರು ಬೆರೆಸುವವಳು ಲೂಟಿ. ಈ ಶಬ್ದ ಕಿವಿಗೆ ಬಿದ್ದಲ್ಲೆಲ್ಲ ನಮ್ಮ ಅತ್ತೆ ನಿಂತುಬಿಡುತ್ತಿದ್ದಳು. ಅವಳು ನಿಂತಳೆಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ.

ಒಂದು ಸಲ ದುರ್ಗದಬೈಲಿನ ಸಂತೆಯಲ್ಲಿ ಯಾರೋ ಜರಿ ಅಂಚಿನ ಸೀರೆಯ ಹೆಂಗಸು ಬದನೆಕಾಯಿ ಮಾರುವವಳಿಗೆ, "ಇಷ್ಟ್ಯಾಕ ತುಟ್ಟಿ? ಹಗಲ ಲೂಟಿ ಮಾಡ್ತಿ ಏನು?" ಎಂದಳು. ಅಷ್ಟೇ ಸಾಕಾಯಿತು. ಅತ್ತೆ ಚೀಲವನ್ನು ನನ್ನ ಕೈಗೆ ಕೊಟ್ಟು ನಡುವೆ ಹೋಗಿ ನಿಂತಳು.

"ನಿಮಗ ಬ್ಯಾಡಂದ್ರ ಬಿಟ್ಟು ಹೋಗಾಕ ಬರತೈತಿ ಹೌದಲ್ರಿ?"

"ಬರತೈತಿ. ಯಾಕ್ರಿ?"

"ಹಂಗಾರ ಇದು ಲೂಟಿ ಅಲ್ರಿ, ಬರೇ ತುಟ್ಟಿ. ಲೂಟಿಯೊಳಗ ಬ್ಯಾಡ ಅನ್ನಾಕ ಬರೂದಿಲ್ಲ. ಬದನಿಕಾಯಿ ಮಾರಿ ಹೊಟ್ಟಿ ತುಂಬಿಸಿಕೊಳ್ಳೂ ಹೆಣ್ಣಮಗಳಿಗೆ ಇಷ್ಟ ದೊಡ್ಡ ಶಬ್ದ ಯಾಕ ಹೊರಸ್ತೀರಿ?"

ಜರಿ ಅಂಚು ಮುಖ ತಿರುವಿಕೊಂಡು ಹೋಯಿತು. ಬದನೆಕಾಯಿಯವಳು ಕೈ ಮುಗಿಯುತ್ತಾಳೆ ಎಂದುಕೊಂಡರೆ, ಬಂದ ಗಿರಾಕಿಯನ್ನು ಓಡಿಸಿದಳೆಂದು ಅತ್ತೆಯ ಮೇಲೇ ಹರಿಹಾಯ್ದಳು. ಕೊನೆಗೆ ಬುಟ್ಟಿಯಲ್ಲಿದ್ದ ಬದನೆಕಾಯಿಯನ್ನೆಲ್ಲ ನಾವೇ ಕೊಳ್ಳಬೇಕಾಯಿತು. ಆ ವಾರವೆಲ್ಲ ಎಣ್ಣೆಗಾಯಿ, ಬಜ್ಜಿ, ಪಲ್ಯ, ಮತ್ತೆ ಎಣ್ಣೆಗಾಯಿ. ಶಬ್ದದ ಮಾನ ಉಳಿಯಿತು, ನನ್ನ ಹೊಟ್ಟೆ ಕೆಟ್ಟಿತು.

ಸಾಲೆಯಲ್ಲಿ ಅವಳ ಅವತಾರ ಇನ್ನೂ ಜೋರು. ಇಂಗ್ಲಿಷ್ ಪಾಠವೊಂದರಲ್ಲಿ ಒಬ್ಬ ಗೋರಾ ಸರದಾರ ನಮ್ಮ ಯಾವುದೋ ಕೋಟೆ ಗೆದ್ದು, ಅಲ್ಲಿದ್ದ ಅಮೂಲ್ಯ ವಸ್ತುಗಳನ್ನು 'ಸಂಗ್ರಹಿಸಿದ' ಎಂದಿತ್ತಂತೆ. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. ಸಂಗ್ರಹಿಸಿದನಂತೆ! ಗಿಡದ ಕೆಳಗೆ ಬಿದ್ದ ಹುಣಸೆಹಣ್ಣು ಆರಿಸಿಕೊಂಡ ಹಾಗೆ! ಅವತ್ತು ಪಾಠ ಅಲ್ಲೇ ನಿಂತಿತು. ಚೀಲದಿಂದ ಡಿಕ್ಷನರಿ ಹೊರಗೆ ಬಂತು. ಅದು ಅವಳು ಮ್ಯಾಟ್ರಿಕ್ಕಿನಲ್ಲಿ ಬಹುಮಾನವಾಗಿ ಗೆದ್ದದ್ದು, ಊಟದ ಡಬ್ಬಿ ಮರೆತರೂ ಅದನ್ನು ಮರೆಯುತ್ತಿರಲಿಲ್ಲ.

"ನೋಡ್ರೆವಾ," ಎಂದು ಸುರು ಮಾಡಿದಳಂತೆ, "ಇಂಗ್ಲಿಷರ ಕಡೆ ಕಸಕೊಳ್ಳೂದಕ್ಕ ಶಬ್ದ ಕಡಿಮಿ ಇದ್ದಿಲ್ಲ. ಪ್ಲಂಡರ್ ಅಂತ ಒಂದು, ಅದನ್ನ ಜರ್ಮನರ ಕಡೆಯಿಂದ ತಂದ್ರು. ಮೊದಲ ಅದಕ್ಕ ಮನ್ಯಾಗಿನ ಹಾಸಿಗಿ, ಅರಿವಿ, ಗಡಿಗಿ ಅಂತ ಅರ್ಥ ಇತ್ತು. ಹಾಸಿಗಿ ಗಡಿಗಿ ಒಯ್ದು ಒಯ್ದು ಒಯ್ಯೂದಕ್ಕ ಆ ಹೆಸರು ಬಂತು. ಪಿಲೇಜ್ ಅಂತ ಇನ್ನೊಂದು, ಅದು ಫ್ರೆಂಚರದು. ಅಷ್ಟೂ ಇದ್ದು ಸಾಲಲಿಲ್ಲ. ನಮ್ಮ ದೇಶಕ್ಕ ಬಂದು ಇಲ್ಲಿ ಮಾಡಿದ ಕೆಲಸಕ್ಕ ಇಲ್ಲೀದ ಹೆಸರ ಬೇಕಂತ ಲೂಟ್ ಅನ್ನೂದನ್ನೂ ಒಯ್ದ್ರು. ಸಿಪಾಯಿ ಬಾಯಾಗ ಕುಂತು ಜಹಾಜ ಹತ್ತಿತು. ಮುಂದ ಚೀನಾದಾಗ ಹೋಗಿ ಕಸಕೊಂಡಾಗೂ ಅದ ಶಬ್ದ."

ಇದು ಒಂದು ದಿನದ ಮಾತಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮರುದಿನವೂ ನಡೆಯಿತು, ಅದರ ಮರುವಾರವೂ ನಡೆಯಿತು. ಸಾಲೆಯ ಮುಖ್ಯಸ್ಥೆ ಹೆಡ್ ಬಾಯಾರು ಬಂದು ಬಾಗಿಲಲ್ಲಿ ನಿಂತರು.

"ಅಕ್ಕೋರ, ಒಂದು ಶಬ್ದಕ್ಕ ಒಂದು ತಿಂಗಳೇನ್ರಿ?"

"ಅವರು ಎರಡು ನೂರು ವರ್ಷ ತಗೊಂಡಾರ್ರಿ. ನಾ ಒಂದು ತಿಂಗಳ ತಗೊಂಡ್ರ ಹೆಚ್ಚಾತೇನ್ರಿ?"

ಸಿಲಬಸ್ ಮುಗಿಸಲೆಂದು ಹೆಡ್ ಬಾಯಾರು ಹುಡುಗಿಯರ ಡ್ರಿಲ್ ತಾಸನ್ನೆಲ್ಲ ಇಂಗ್ಲಿಷಿಗೆ ಕೊಟ್ಟರು. ಮುಂದಿನ ಪರೀಕ್ಷೆಯಲ್ಲಿ ಅತ್ತೆ ಲೂಟ್ ಶಬ್ದವನ್ನು ವಾಕ್ಯದಲ್ಲಿ ಬಳಸಿರಿ ಎಂದು ಪ್ರಶ್ನೆ ಕೊಟ್ಟಳು. 'ಹೆಡ್ ಬಾಯಾರು ನಮ್ಮ ಡ್ರಿಲ್ ತಾಸು ಲೂಟಿ ಮಾಡಿದರು' ಎಂದು ಅರ್ಧ ಕ್ಲಾಸು ಬರೆದಿತ್ತು. ಅತ್ತೆ ಎಲ್ಲರಿಗೂ ಪೂರಾ ಮಾರ್ಕು ಹಾಕಿದಳು. ಆ ಮೇಲೆ ಸಾಲೆಯಲ್ಲಿ ಅವಳಿಗೆ ಲೂಟಿ ಅಕ್ಕೋರು ಎಂದೇ ಹೆಸರಾಯಿತು. ಅದನ್ನು ಕೇಳಿ ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವಳಿಗೆ ಹೆಮ್ಮೆಯಾಗಿತ್ತು.

ಇಷ್ಟು ಓದಿ ನೀವು ನಗುತ್ತಿರಬಹುದು. ನಗಿರಿ, ನಾನೂ ನಕ್ಕಿದ್ದೇನೆ. ಆದರೆ ನಾವು ಮನೆ ಹುಡುಕಿದ ಕತೆ ಹೇಳುವಾಗ ನನಗೆ ನಗು ಬರುವುದಿಲ್ಲ. ವಿದ್ಯಾನಗರದಲ್ಲಿ ಆಗ ಹೊಸ ಹೊಸ ಮನೆ ಏಳುತ್ತಿದ್ದವು. ಇಸ್ತ್ರಿ ಸೀರೆ, ಕನ್ನಡಕ, ಕೈಯಲ್ಲಿ ದಪ್ಪ ಪುಸ್ತಕ, ಅತ್ತೆಯನ್ನು ನೋಡಿ ಎಲ್ಲರೂ "ಬರ್ರಿ ಅಕ್ಕೋರ, ಕೂಡ್ರಿ" ಎಂದು ಜಮಖಾನೆ ಹಾಸುತ್ತಿದ್ದರು. ಚಹಾಕ್ಕೆ ಇಡುತ್ತಿದ್ದರು. ಚಹಾ ಕುದಿಯುವುದರೊಳಗೆ ಮೆಲ್ಲಗೆ ಪ್ರಶ್ನೆ ಬರುತ್ತಿತ್ತು.

"ನಿಮ್ಮ ಪೈಕಿ ಯಾವುದಂದ್ರಿ?"

"ಇಂಗ್ಲಿಷ್ ಪೈಕಿ," ಎನ್ನುತ್ತಿದ್ದಳು ಅತ್ತೆ.

"ಅದಲ್ರೀ, ಊರಾಗ..."

"ಊರಾಗ ಅಲ್ರಿ, ಊರ ಹೊರಗ. ಕೇರಿಯವರು."

ಒಳಗೆ ಚಹಾ ಕುದಿಯುವುದು ನಿಲ್ಲುತ್ತಿತ್ತು. ಇದ್ದಕ್ಕಿದ್ದ ಹಾಗೆ ಮನೆಯವರಿಗೆ ತಮ್ಮನ ಮಗನೋ ಅಳಿಯನೋ ನೆನಪಾಗಿ, ಅವನು ಮುಂದಿನ ತಿಂಗಳು ಬರುವವನಿದ್ದಾನೆ, ಮನೆ ಅವನಿಗೇ ಬೇಕು ಎನ್ನುತ್ತಿದ್ದರು. ಹಾಗೆ ಬರುವವರಿದ್ದ ಅಳಿಯಂದಿರೆಲ್ಲ ನಿಜವಾಗಿ ಬಂದಿದ್ದರೆ ಹುಬ್ಬಳ್ಳಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ! ಆ ಜನರ ಮುಖಗಳು ನನಗೆ ಇವತ್ತಿಗೂ ನೆನಪಿವೆ, ಇವತ್ತಿಗೂ ಅವರ ಮೇಲೆ ನನಗೆ ಸಿಟ್ಟಿದೆ. ಅದನ್ನು ನಾನು ಮುಚ್ಚಿಡುವುದಿಲ್ಲ.

ಕೊನೆಗೆ ಮನೆ ಕೊಟ್ಟವನು ಉಣಕಲ್ಲಿನ ಸೈಕಲ್ ಅಂಗಡಿಯ ಚಾಚಾ. ಧಾರವಾಡ ರಸ್ತೆಗೆ ಹತ್ತಿ ಅವನ ಅಂಗಡಿ, ಅದರ ಬದಿಗೆ ನಮ್ಮ ಎರಡು ಖೋಲಿಯ ಮನೆ. ಪಂಕ್ಚರ್ ಹಾಕುತ್ತ ಹಾಕುತ್ತ ಅವನು ಅತ್ತೆಯ ಪಾಠ ಕೇಳುತ್ತಿದ್ದ. ಒಂದು ದಿನ ತಡೆಯಲಾರದೆ, "ಅಕ್ಕೋರ, ಬೇಜಾರಾಗಬ್ಯಾಡ್ರಿ, ಲೂಟ್ ಅನ್ನೂದು ನಮ್ಮ ಉರ್ದು ಮಾತು," ಎಂದ.

"ನಿಮ್ಮದೂ ಅಲ್ರಿ ಚಾಚಾ. ಸಂಸ್ಕೃತದಾಗ ಲುಂಠ ಅಂತ ಐತಿ. ಅಲ್ಲಿಂದ ಹಿಂದಿಗೆ ಬಂತು, ಉರ್ದುಕ್ಕ ಬಂತು, ಮರಾಠಿಗೆ ಬಂತು."

"ಹಂಗಾರ ಭಟ್ಟರದ್ದು ಅನ್ರಿ."

"ಶಬ್ದ ಒಂದ ಅಲ್ಲ, ಕೆಲಸಾನೂ." ಅತ್ತೆಯ ದನಿ ಏರಿತು. "ಇಂಗ್ಲಿಷರದ ಒಂದು ಗುಣ ನೋಡ್ರಿ. ಒಯ್ಯೂದು ಒಯ್ದ್ರು, ಆದ್ರ ಡಿಕ್ಷನರಿಯೊಳಗ ಇದು ಹಿಂದೂಸ್ತಾನದಿಂದ ತಂದದ್ದು ಅಂತ ಬರದಿಟ್ಟಾರ. ಕಳುವಿನ ಮಾಲಿನ ಮ್ಯಾಲ ಮಾಲಕನ ಹೆಸರು! ನಮ್ಮ ಮಂದಿ ಕಡೆಯಿಂದ ಊರವರು ಒಯ್ದದ್ದು ಎಲ್ಲಿ ಬರದಾರ, ತೋರಸ್ರಿ ನೋಡೋಣ."

ಚಾಚಾ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತ ಕೂತ. ನನಗೆ ಅವತ್ತು ಮೊದಲ ಸಲ ಅನಿಸಿತು, ಅತ್ತೆಯ ಸಿಟ್ಟಿನ ಬೇರು ಆ ಪುಸ್ತಕದಲ್ಲಿ ಇಲ್ಲವೆಂದು. ಕಳವಿಗೂ ಲೂಟಿಗೂ ಫರಕು ಏನು ಎಂದು ಕೇಳಿದೆ. ಅವಳು ಡಿಕ್ಷನರಿ ತೆರೆಯಲಿಲ್ಲ.

"ಕಳ್ಳ ತಾನ ಹೊತಗೊಂಡು ಓಡ್ತಾನ. ಲೂಟಿ ಮಾಡಾಂವ ನಿನ್ನ ಕಡೆಯಿಂದನ ಹೊರಸ್ತಾನ. ಬೇಕಾದ್ರ ನಿಮ್ಮಜ್ಜನ ಹೆಗಲ ನೋಡು."

ಅಜ್ಜ ಎಂದರೆ ಅತ್ತೆಯ ಅಪ್ಪ. ನವಲಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ ಇರುತ್ತಿದ್ದ. ದಸರೆಯ ಸಂಜೆ ಆ ಊರಿನಲ್ಲಿ ಊರಬಾಗಿಲು ಅಗಸಿಯ ಮುಂದೆ ಬನ್ನಿಯ ದೊಡ್ಡ ಟೊಂಗೆಯೊಂದನ್ನು ನೆಟ್ಟು ಪೂಜೆ ಮಾಡುತ್ತಿದ್ದರು. ಪೂಜೆ ಮುಗಿದು ಗೌಡರು ಕೈ ಎತ್ತಿದ ಕೂಡಲೇ ಊರ ಗಂಡಸರೆಲ್ಲ ಮುಗಿಬಿದ್ದು ಎಲೆ ಹರಿದುಕೊಳ್ಳುತ್ತಿದ್ದರು. ಬಂಗಾರ ಲೂಟಿ ಎಂದೇ ಅದಕ್ಕೆ ಹೆಸರು. ಆಮೇಲೆ ಆ ಎಲೆಗಳನ್ನು ಒಬ್ಬರಿಗೊಬ್ಬರು ಕೊಟ್ಟು, ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು ಎಂದು ಅಪ್ಪಿಕೊಳ್ಳುತ್ತಿದ್ದರು. ಹಳ್ಳದ ದಂಡೆಯಿಂದ ಆ ಮುಳ್ಳುಟೊಂಗೆಯನ್ನು ಕಡಿದು ಹೊತ್ತು ತರುವ ಕೆಲಸ ನಮ್ಮ ಮನೆತನದ್ದು. ತಂದು ಇಟ್ಟ ಮೇಲೆ ಅಜ್ಜ ದೂರ ಸರಿದು ನಿಲ್ಲಬೇಕು. ಪೂಜೆಯಾದ ಟೊಂಗೆಯನ್ನು ಅವನು ಮುಟ್ಟುವ ಹಾಗಿಲ್ಲ.

ಈ ಪದ್ಧತಿಯನ್ನು ಏನೆಂದು ಕರೆಯುತ್ತೀರಿ ನೀವು? ನಮ್ಮ ಅತ್ತೆ ಕರೆದ ಹೆಸರು ನಿಮಗೆ ಗೊತ್ತೇ ಇದೆ.

ಆ ವರ್ಷಗಳಲ್ಲಿ ನಮ್ಮ ಮಂದಿ ಅನೇಕರು ಬುದ್ಧನ ದಾರಿ ಹಿಡಿದಿದ್ದರು. ಅಪ್ಪ ಹಿಡಿದ, ಅತ್ತೆ ಹಿಡಿದಳು, ಹಬ್ಬಗಳನ್ನೆಲ್ಲ ಬಿಟ್ಟರು. ಅತ್ತೆ ಬನ್ನಿ ಎಲೆಯನ್ನು ಕೈಯಿಂದ ಮುಟ್ಟುವುದನ್ನೂ ಬಿಟ್ಟಳು. ಅಜ್ಜನೂ ಮನೆಯಲ್ಲಿ ಬುದ್ಧನ ಪಟ ತೂಗುಹಾಕಿ ದಿನಾ ಕೈ ಮುಗಿಯುತ್ತಿದ್ದ. ಆದರೆ ದಸರೆ ಬಂದರೆ ಕೊಡಲಿ ತೆಗೆದುಕೊಂಡು ಹಳ್ಳಕ್ಕೆ ಹೊರಟುಬಿಡುತ್ತಿದ್ದ. ಅತ್ತೆ ಪ್ರತಿ ವರ್ಷ ಊರಿಗೆ ಹೋಗಿ ಜಗಳ ಮಾಡಿ ಬರುತ್ತಿದ್ದಳು.

"ಬುದ್ಧ ಬಂಗಾರ ಬ್ಯಾಡ ಅಂದಾನೇನವಾ? ನಾ ತರದಿದ್ರ ಊರಿಗೆ ಬಂಗಾರ ಎಲ್ಲೀದು?" ಎನ್ನುತ್ತಿದ್ದ ಅಜ್ಜ. ಅವನಿಗೆ ಅದರಲ್ಲಿ ಅವಮಾನ ಕಾಣುತ್ತಲೇ ಇರಲಿಲ್ಲ. ಅತ್ತೆಗೆ ಮತ್ತೇನೂ ಕಾಣುತ್ತಿರಲಿಲ್ಲ.

ಒಂದು ವರ್ಷ ಅತ್ತೆ ಹಟ ತೊಟ್ಟಳು. ಈ ಸಲ ತನ್ನಪ್ಪ ಟೊಂಗೆ ಹೊರಬಾರದು, ಏನಾದರಾಗಲಿ. ನನಗೆ ವಿಪರೀತ ಜ್ವರ ಎಂದು ಊರಿಗೆ ಹೇಳಿ ಕಳಿಸಿದಳು. ಅಜ್ಜ ಸಿಕ್ಕ ಬಸ್ಸು ಹತ್ತಿ, ಮೊಮ್ಮಗಳಿಗೆಂದು ಜೋಳದ ಹಿಟ್ಟಿನ ಗಂಟು ಹೊತ್ತುಕೊಂಡು ಓಡಿ ಬಂದ. ಜ್ವರದ ಹುಡುಗಿ ಕಟ್ಟೆಯ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದಳು. ಅವನು ನನ್ನ ಹಣೆ ಮುಟ್ಟಿ ನೋಡಿದ, ಭಜಿ ನೋಡಿದ, ಅತ್ತೆಯ ಮುಖ ನೋಡಿದ, ಎಲ್ಲ ತಿಳಿದುಕೊಂಡ. ಬೈಯಲಿಲ್ಲ. ತಾನೂ ಒಂದು ಭಜಿ ತೆಗೆದುಕೊಂಡು ಗೋಡೆಗೆ ಒರಗಿ ಕೂತ.

ದಸರೆಗೆ ಒಂದು ದಿನ ಇದೆ ಎನ್ನುವಾಗ ಗೌಡರ ಮನೆಯ ಆಳು ಹುಡುಕಿಕೊಂಡು ಬಂದ. ಅತ್ತೆ ಅವನನ್ನು ಹೊಸ್ತಿಲಲ್ಲೇ ತಡೆದಳು.

"ಅಜ್ಜನ್ನ ಕಳಸ್ರಿ ಅಕ್ಕೋರ, ಗೌಡ್ರು ಕರದಾರ. ನಾಳಿಗೆ ಬನ್ನಿ ತರಬೇಕಲ್ರಿ."

"ಬರೂದಿಲ್ಲ ಅಂತ ಹೇಳು."

ಅವನು ತಲೆ ಕೆರೆದುಕೊಂಡ. "ಇಲ್ಲಂದ್ರ ಚಕ್ಕಡಿ ಹೂಡಬೇಕಾಕ್ಕೇತ್ರಿ."

ಅತ್ತೆ ಬಾಗಿಲಿಗೆ ಅಡ್ಡ ಹಿಡಿದಿದ್ದ ಕೈ ಇಳಿಸಿದಳು. ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ ಕೇಳಿದಳು.

"ಟೊಂಗಿ ತರಾಕ ಚಕ್ಕಡಿ ಐತೇನು?"

"ಗೌಡ್ರ ಮನ್ಯಾಗ ಚಕ್ಕಡಿಗೇನು ಕಡಿಮಿ ರಿ?"

"ಮೊದಲಿಂದೂ ಇತ್ತೇನು?"

"ಇತ್ತಲ್ರಿ. ಯಾರೂ ಹೂಡಿದ್ದಿಲ್ಲ ಅಷ್ಟ."

ನಾನು ಡಿಕ್ಷನರಿ ಹೊರಗೆ ಬರುತ್ತದೆ, ಚೀನಾ ಜರ್ಮನಿ ಎಲ್ಲ ಬರುತ್ತವೆ ಎಂದು ಕಾದೆ. ಏನೂ ಬರಲಿಲ್ಲ. ಅತ್ತೆಯ ತುಟಿ ಬೆಳ್ಳಗಾಗಿತ್ತು. ಚಕ್ಕಡಿ ಇತ್ತಂತೆ, ಎತ್ತು ಇದ್ದವಂತೆ, ಹೂಡುವ ಮನಸ್ಸು ಒಂದು ಇರಲಿಲ್ಲವಂತೆ! ಅವಳ ಎದೆಯಲ್ಲಿ ಏನಾಗಿರಬೇಕು?

ಆಳು ಹೋದ ಮೇಲೆ ಅವಳ ಸಿಟ್ಟೆಲ್ಲ ಅಜ್ಜನ ಮೇಲೆ ತಿರುಗಿತು. "ಕೇಳಿದಿ ಇಲ್ಲ? ಎತ್ತಿಗೆ ಭಾರ ಆಗತೈತಿ ಅಂತ ನಿನ್ನ ಮ್ಯಾಲ ಹೊರಿಸ್ಯಾರ. ನೀ ಇಷ್ಟು ವರ್ಷ ದೊಡ್ಡ ಮಾನ ಅಂತ ಹೊತ್ತಿ. ಲೂಟಿ ಅಂದ್ರ ಇದ ಅಪ್ಪಾ, ಇದ."

ಅಜ್ಜ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ತಿರುಗದೆಯೇ ಮಾತಾಡಿದ.

"ನೀ ಕಲತಾಕಿ, ನೀ ಹೇಳೂದು ಖರೇ ಇದ್ದೀತು. ಆದ್ರ ವರ್ಷದಾಗ ಒಂದು ದಿನ ಊರೆಲ್ಲಾ ನನ್ನ ಹಾದಿ ಕಾಯತಿತ್ತು. ಯಾಕ ಬರಲಿಲ್ಲ, ಎಲ್ಲಿ ಬಂದ ಅಂತ ಕೇಳತಿತ್ತು. ನನಗ ಇದ್ದದ್ದು ಅದೊಂದ. ಅದನ್ನ ಈಗ ನೀ ಕಸಕೊಂಡಿ ಯವ್ವಾ."

ಅತ್ತೆ ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಅಜ್ಜ ಊಟಕ್ಕೆ ಕೂತು ರೊಟ್ಟಿ ಮುರಿದು ಹಾಗೇ ಬಿಟ್ಟ. ಅಪ್ಪನನ್ನು ಊರಿಂದ ಬಿಡಿಸಿ ತಂದೆನೋ, ಅಥವಾ ಅಪ್ಪನನ್ನೇ ಕಳೆದುಕೊಂಡೆನೋ ಎಂಬ ಹೆದರಿಕೆ ಅತ್ತೆಯ ಮುಖದಲ್ಲಿ ಎದ್ದು ಕಾಣುತ್ತಿತ್ತು.

ದಸರೆಯ ಮಧ್ಯಾಹ್ನ ಅಜ್ಜ ಮನೆಯಲ್ಲಿ ಇರಲಿಲ್ಲ. ಚಾಚಾನ ಅಂಗಡಿಯ ಹಿಂದಿದ್ದ ಕೊಡಲಿಯೂ ಇರಲಿಲ್ಲ. ಬಸ್ಸು ಹತ್ತಿ ಊರಿಗೇ ಹೋದನೆಂದು ಅತ್ತೆ ಚಪ್ಪಲಿ ಮೆಟ್ಟಿದಳು. ಅಷ್ಟರಲ್ಲಿ ಕೆರೆಯ ಕಡೆಯಿಂದ ರಸ್ತೆಯ ಮೇಲೆ ಒಂದು ಹಸಿರು ಪೊದೆ ನಡೆದು ಬರುವುದು ಕಂಡಿತು. ಪೊದೆಯ ಕೆಳಗೆ ಅಜ್ಜನ ಕಾಲು. ಎಲ್ಲಿ ಹುಡುಕಿದ್ದನೋ, ಎಷ್ಟು ದೂರದಿಂದ ಹೊತ್ತಿದ್ದನೋ, ಬನ್ನಿಯ ದೊಡ್ಡ ಟೊಂಗೆಯೊಂದನ್ನು ತಂದು ನಮ್ಮ ಮನೆಯ ಮುಂದೆ, ಧಾರವಾಡ ರಸ್ತೆಯ ದಂಡೆಗೆ ನಿಲ್ಲಿಸಿ ಬುಡಕ್ಕೆ ಕಲ್ಲು ಒಟ್ಟಿದ. ಆಮೇಲೆ, ಯಾರೂ ಹೇಳದಿದ್ದರೂ, ದೂರ ಸರಿದು ಬೇಲಿಯ ಹತ್ತಿರ ನಿಂತ.

ನಿಂತೇ ಇದ್ದ. ಬಸ್ಸುಗಳು ಹೋದವು, ಸೈಕಲ್ಲುಗಳು ಹೋದವು. ಹೊಸ ಅರಿವೆ ತೊಟ್ಟವರು ಪೇಟೆಯಲ್ಲಿ ಕೊಂಡ ಬನ್ನಿಯ ಸಿವುಡು ಹಿಡಿದು, ಈ ಮುದುಕನನ್ನೂ ಅವನ ಟೊಂಗೆಯನ್ನೂ ನೋಡಿ ನಗುತ್ತ ಹೋದರು. ಒಬ್ಬರೂ ಹತ್ತಿರ ಬರಲಿಲ್ಲ. ಅಜ್ಜ ನನ್ನ ಕಡೆ ನೋಡಿದ.

"ಯಾರೂ ಬರವಲ್ರಲ್ಲ ತಂಗಿ. ಈ ಊರಾಗ ಲೂಟಿ ಮಾಡಾಕ ಮಂದಿ ಇಲ್ಲೇನು?"

ಅತ್ತೆ ಹೊಸ್ತಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಈಗ ಕೂಗಾಡುತ್ತಾಳೆ, ಟೊಂಗೆ ಕಿತ್ತು ಒಗೆಯುತ್ತಾಳೆ ಎಂದುಕೊಂಡೆ. ಅವಳು ಸೆರಗನ್ನು ನಡುವಿಗೆ ಸಿಕ್ಕಿಸಿದಳು. ಸಾಲೆಗೆ ಉಡುವ ಅದೇ ಇಸ್ತ್ರಿ ಸೀರೆ, ಅದೇ ಕನ್ನಡಕ. ನೆಟ್ಟಗೆ ಹೋಗಿ ಟೊಂಗೆಗೆ ಕೈ ಹಾಕಿದಳು. ಎಷ್ಟು ಸಿಟ್ಟಿನಿಂದ ಹರಿದಳೆಂದರೆ ಟೊಂಗೆ ಬುಡಸಮೇತ ಅಲುಗಾಡಿತು. ಮುಳ್ಳು ತಾಗಿ ಅಂಗೈಯಲ್ಲಿ ರಕ್ತ ಬಂದದ್ದು ಅವಳಿಗೆ ತಿಳಿಯಲಿಲ್ಲ. ಅದನ್ನು ನೋಡಿ ಚಾಚಾ ಕೈ ಒರೆಸಿಕೊಂಡು ಬಂದ, "ಅಜ್ಜಾರ, ನನಗೂ ಒಂದೀಟು ಬಂಗಾರ ಇರ್ಲಿ," ಎಂದು ಒಂದು ಕಡ್ಡಿ ಮುರಿದುಕೊಂಡ. ನಾನೂ ನುಗ್ಗಿದೆ. ಅಜ್ಜನ ಮುಖ ಅರಳಿತು.

ಅತ್ತೆ ಎರಡೂ ಕೈ ತುಂಬ ಎಲೆ ಹಿಡಿದು ಬೇಲಿಯ ಕಡೆ ನಡೆದಳು. ಇಳಿಬಿಸಿಲು ಅವಳ ಹಿಂದೆ ಇತ್ತು. ಇಸ್ತ್ರಿ ಸೀರೆಯ, ಚಪ್ಪಲಿ ಮೆಟ್ಟಿದ ಒಬ್ಬ ಹೆಂಗಸು ಎಲೆ ಹಿಡಿದು ತನ್ನ ಕಡೆ ಬರುವುದನ್ನು ಅಜ್ಜ ನೋಡಿದ. ನೋಡಿದ್ದೇ ತುಸು ಹಿಂದೆ ಸರಿದು, ತಲೆ ತಗ್ಗಿಸಿ, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಎರಡೂ ಕೈಯಿಂದ ಅಗಲ ಮಾಡಿ ಮುಂದೆ ಹಿಡಿದ. ಅಗಸಿಯಲ್ಲಿ ಊರವರು ತಮ್ಮತಮ್ಮಲ್ಲಿ ಕೊಟ್ಟುಕೊಂಡು ಉಳಿದದ್ದನ್ನು ಮುಟ್ಟಿಸಿಕೊಳ್ಳದ ಹಾಗೆ ಅವನ ಟವೆಲ್ಲಿಗೆ ಹೀಗೇ ಉದುರಿಸುತ್ತಿದ್ದರು.

ಅತ್ತೆ ನಿಂತುಬಿಟ್ಟಳು.

"ಅಪ್ಪಾ, ನಾನಪ್ಪಾ," ಎಂದಳು.

ಅಜ್ಜ ತಲೆ ಎತ್ತಿದ. ನಾಚಿಕೊಂಡು ನಕ್ಕ. "ಯಾರೋ ದೊಡ್ಡ ಮಂದಿ ಬಂದ್ರು ಅನಕೊಂಡೆ ಯವ್ವಾ."

ಅತ್ತೆಯ ಕಣ್ಣಿಂದ ನೀರು ದಳದಳ ಸುರಿಯಿತು. ಅಷ್ಟು ವರ್ಷದ ಸಿಟ್ಟಿನಲ್ಲಿ ಅವಳು ಒಂದು ಸಲವೂ ಅತ್ತಿರಲಿಲ್ಲ. ಅವಳು ಟವೆಲ್ಲನ್ನು ಮೆಲ್ಲಗೆ ಬದಿಗೆ ಸರಿಸಿ, ಅವನ ಕೈ ಹಿಡಿದು, ಎಲೆಗಳನ್ನು ಅಂಗೈಯಲ್ಲಿ ಇಟ್ಟು ಬೆರಳು ಮುಚ್ಚಿದಳು. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣಪ್ಪಾ," ಎಂದು ರಸ್ತೆಯ ಧೂಳಿನಲ್ಲೇ ಬಗ್ಗಿ ಅವನ ಕಾಲಿಗೆ ಹಣೆ ಹಚ್ಚಿದಳು.

ಅಜ್ಜ ಮೊದಲು ರಸ್ತೆಯ ಆ ಕಡೆ ಈ ಕಡೆ ನೋಡಿದ. ಆಮೇಲೆ ಮಗಳ ತಲೆಯ ಮೇಲೆ ಕೈ ಇಟ್ಟ.